ಜಾಕ್ ವೆಬ್

ಜಾಕ್ ವೆಬ್ (ಪೂರ್ಣ ಹೆಸರು ಜಾನ್ ರಾಂಡಾಲ್ಫ್ ವೆಬ್, ಏಪ್ರಿಲ್ 2, 1920 – ಡಿಸೆಂಬರ್ 23, 1982) ಅಮೆರಿಕದ ನಟ, ನಿರ್ದೇಶಕ, ನಿರ್ಮಾಪಕ ಮತ್ತು ಲೇಖಕರು. 1949ರಲ್ಲಿ ಎನ್‌ಬಿಸಿ ಬಾನುಲಿ ಜಾಲದಲ್ಲಿ ಆರಂಭವಾದ ಡ್ರ್ಯಾಗ್‌ನೆಟ್ ಎಂಬ ಪತ್ತೇದಾರಿ ನಾಟಕಮಾಲೆಯನ್ನು ರೂಪಿಸಿ, ಅದರಲ್ಲಿ ಸಾರ್ಜೆಂಟ್ ಜೋ ಫ್ರೈಡೇ ಎಂಬ ಪಾತ್ರವನ್ನು ನಿರ್ವಹಿಸಿ ಪ್ರಸಿದ್ಧರಾದರು. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ನೈಜ ಪ್ರಕರಣಗಳನ್ನು ಆಧರಿಸಿದ ಈ ನಾಟಕಮಾಲೆಯು ಪತ್ತೇದಾರಿ ಕಥೆಯ ಸ್ವರೂಪವನ್ನೇ ಬದಲಿಸಿತು. 1949ರ ಕ್ರಿಸ್‌ಮಸ್ ಹಬ್ಬದ ಮುನ್ನಾ ದಿನಗಳಲ್ಲಿ ಪ್ರಸಾರವಾದ ಅದರ ಒಂದು ಸಂಚಿಕೆ ಕೇಳುಗರಲ್ಲಿ ತೀವ್ರ ಪ್ರತಿಕ್ರಿಯೆಯನ್ನು ಹುಟ್ಟಿಸಿತು. ಮನರಂಜನೆಗೆಂದು ಮೀಸಲಾದ ಕಾರ್ಯಕ್ರಮವು ಕೇಳುಗರ ಮನಸ್ಸನ್ನು ಎಷ್ಟರಮಟ್ಟಿಗೆ ಕಲಕಬಹುದು ಎಂಬ ಚರ್ಚೆಗೆ ಅದು ಇಂದಿಗೂ ಉದಾಹರಣೆಯಾಗಿ ಉಳಿದಿದೆ.

ಬಾಲ್ಯ ಮತ್ತು ಶಿಕ್ಷಣ

ವೆಬ್ ಅವರು ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾಂಟಾ ಮೋನಿಕಾದಲ್ಲಿ ಜನಿಸಿದರು. ತಂದೆ ಕುಟುಂಬವನ್ನು ತೊರೆದು ಹೋಗಿದ್ದರಿಂದ ಮಗನಿಗೆ ಅವರ ಪರಿಚಯವೇ ಇರಲಿಲ್ಲ. ತಾಯಿ ಮತ್ತು ತಾಯಿಯ ತಾಯಿ ಇಬ್ಬರೂ ಸೇರಿ ಬಾಲಕನನ್ನು ಲಾಸ್ ಏಂಜಲೀಸ್ ನಗರದಲ್ಲಿ ಬಡತನದಲ್ಲಿಯೇ ಬೆಳೆಸಿದರು. ಕುಟುಂಬವು ನಗರದ ಬಂಕರ್ ಹಿಲ್ ಎಂಬ ಹಳೆಯ ಬಡಾವಣೆಯಲ್ಲಿ ವಾಸವಾಗಿತ್ತು. ಚಿಕ್ಕಂದಿನಲ್ಲಿ ಕಾಡಿದ ಉಬ್ಬಸದ ಕಾರಣ ವೆಬ್ ಹೆಚ್ಚಿನ ಸಮಯವನ್ನು ಮನೆಯೊಳಗೇ ಕಳೆಯಬೇಕಾಯಿತು. ತಾಯಿ ನಡೆಸುತ್ತಿದ್ದ ಬಾಡಿಗೆ ವಸತಿಗೃಹದಲ್ಲಿದ್ದ ಒಬ್ಬ ಸಂಗೀತಗಾರರು ಜಾಜ್ ವಾದಕ ಬಿಕ್ಸ್ ಬೈಡರ್‌ಬೆಕ್ ಅವರ ಧ್ವನಿಮುದ್ರಿಕೆಯೊಂದನ್ನು ಹುಡುಗನಿಗೆ ಕೊಟ್ಟರು. ಅಂದು ಮೂಡಿದ ಜಾಜ್ ಸಂಗೀತದ ಒಲವು ವೆಬ್ ಅವರಲ್ಲಿ ಜೀವನಪರ್ಯಂತ ಉಳಿಯಿತು.

ಬೆಲ್ಮಾಂಟ್ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಅವರು ವಿದ್ಯಾರ್ಥಿ ಸಂಘದ ಅಧ್ಯಕ್ಷರಾಗಿ ಆಯ್ಕೆಯಾದರು. ಶಾಲೆಯ ನಂತರ ಮನೆಯ ಖರ್ಚಿಗಾಗಿ ಬಟ್ಟೆ ಅಂಗಡಿಯೊಂದರಲ್ಲಿ ದುಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವಾಯುಪಡೆಗೆ ಸೇರಿದರಾದರೂ ವಿಮಾನ ಚಾಲನೆಯ ತರಬೇತಿಯಲ್ಲಿ ಉತ್ತೀರ್ಣರಾಗಲಿಲ್ಲ. ತಾಯಿ ಮತ್ತು ಅಜ್ಜಿಗೆ ತಾವೊಬ್ಬರೇ ಆಧಾರವೆಂಬ ಕಾರಣ ನೀಡಿ ಸೇನೆಯಿಂದ ಬಿಡುಗಡೆ ಪಡೆದರು.

ಬಾನುಲಿ ಪ್ರವೇಶ

ಯುದ್ಧಾನಂತರ ವೆಬ್ ಅವರು ಸ್ಯಾನ್ ಫ್ರಾನ್ಸಿಸ್ಕೊ ನಗರದ ಕೆಜಿಒ ಬಾನುಲಿ ಕೇಂದ್ರವನ್ನು ಸೇರಿದರು. ಅಲ್ಲಿ ಉದ್ಘೋಷಕರಾಗಿ, ಹಾಸ್ಯ ಕಾರ್ಯಕ್ರಮದ ನಟರಾಗಿ ಕೆಲಸ ಮಾಡಿದರು. 1946ರಲ್ಲಿ ಪ್ರಸಾರವಾದ ಒನ್ ಔಟ್ ಆಫ್ ಸೆವೆನ್ ಎಂಬ ಕಾರ್ಯಕ್ರಮವು ವಾರದ ಸುದ್ದಿಗಳಲ್ಲಿ ಒಂದನ್ನು ಆಯ್ದು ನಾಟಕದ ರೂಪದಲ್ಲಿ ಮಂಡಿಸುತ್ತಿತ್ತು. ಜನಾಂಗ ದ್ವೇಷವನ್ನು ಬಹಿರಂಗವಾಗಿ ಬೆಂಬಲಿಸುತ್ತಿದ್ದ ಸೆನೆಟರ್ ಥಿಯೊಡೋರ್ ಬಿಲ್ಬೊ ಅವರನ್ನು ಆ ಕಾರ್ಯಕ್ರಮವು ನೇರವಾಗಿ ಖಂಡಿಸಿತು. ಬಾನುಲಿಯ ಮೂಲಕ ಕೇಳುಗರ ಆತ್ಮಸಾಕ್ಷಿಯನ್ನು ಎಚ್ಚರಿಸುವ ಪ್ರವೃತ್ತಿ ವೆಬ್ ಅವರಲ್ಲಿ ಆಗಿನಿಂದಲೇ ಇತ್ತು.

ಅದೇ ವರ್ಷ ಲೇಖಕ ರಿಚರ್ಡ್ ಬ್ರೀನ್ ಅವರೊಡನೆ ಸೇರಿ ಪ್ಯಾಟ್ ನೊವ್ಯಾಕ್ ಫಾರ್ ಹೈರ್ ಎಂಬ ಪತ್ತೇದಾರಿ ನಾಟಕಮಾಲೆಯಲ್ಲಿ ಅಭಿನಯಿಸಿದರು. ಸ್ಯಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ ದೋಣಿ ಬಾಡಿಗೆಗೆ ಕೊಡುವ, ಪೊಲೀಸರ ಜೊತೆ ಸದಾ ಜಗಳವಾಡುವ, ಚುರುಕು ಮಾತಿನ ನಾಯಕನ ಪಾತ್ರ ಅದು. ಮುಂದೆ ಜಾನಿ ಮಡೇರೊ, ಪಿಯರ್ 23 (1947) ಮತ್ತು ಜೆಫ್ ರೀಗನ್, ಇನ್ವೆಸ್ಟಿಗೇಟರ್ (1948) ಮಾಲೆಗಳಲ್ಲಿಯೂ ಅದೇ ಬಗೆಯ ಪಾತ್ರಗಳು ದೊರೆತವು. ಆ ಕಾಲದ ಪತ್ತೇದಾರಿ ನಾಟಕಗಳಲ್ಲಿ ನಾಯಕನು ಏಕಾಂಗಿ, ಧೈರ್ಯಶಾಲಿ. ಪೊಲೀಸರು ಸಾಮಾನ್ಯವಾಗಿ ಮಂದಬುದ್ಧಿಯವರು. ಕೊಲೆಯು ಬಿಡಿಸಬೇಕಾದ ಒಗಟು ಮಾತ್ರ. ಸತ್ತವನ ಮನೆಯವರ ದುಃಖವು ಕೇಳುಗರ ಕಿವಿಗೆ ಬೀಳುತ್ತಿದ್ದುದು ಅಪರೂಪ.

ಡ್ರ್ಯಾಗ್‌ನೆಟ್‌ನ ಹುಟ್ಟು

1948ರಲ್ಲಿ ತೆರೆಕಂಡ ಹೀ ವಾಕ್ಡ್ ಬೈ ನೈಟ್ ಚಲನಚಿತ್ರದಲ್ಲಿ ವೆಬ್ ಅವರಿಗೆ ಪೊಲೀಸ್ ಪ್ರಯೋಗಾಲಯದ ತಂತ್ರಜ್ಞನ ಸಣ್ಣ ಪಾತ್ರವಿತ್ತು. ಆ ಚಿತ್ರಕ್ಕೆ ತಾಂತ್ರಿಕ ಸಲಹೆಗಾರರಾಗಿದ್ದ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಸಾರ್ಜೆಂಟ್ ಮಾರ್ಟಿ ವಿನ್ ಅವರೊಡನೆ ಚಿತ್ರೀಕರಣದ ಸಮಯದಲ್ಲಿ ಪರಿಚಯವಾಯಿತು. ಬಾನುಲಿಯ ಪತ್ತೇದಾರರಿಗೂ ನಿಜವಾದ ಪೊಲೀಸರಿಗೂ ಯಾವ ಹೋಲಿಕೆಯೂ ಇಲ್ಲವೆಂದು ವಿನ್ ಅಭಿಪ್ರಾಯಪಟ್ಟರು. ಇಲಾಖೆಯ ಕಡತಗಳಲ್ಲಿರುವ ನೈಜ ಪ್ರಕರಣಗಳನ್ನೇ ನಾಟಕವಾಗಿಸಬಹುದೆಂದು ಸೂಚಿಸಿದರು. ವೆಬ್ ಅವರು ರಾತ್ರಿಯ ಪಾಳಿಯಲ್ಲಿ ಪೊಲೀಸರ ಕಾರಿನಲ್ಲಿ ಸಂಚರಿಸಿ, ಅವರ ಕೆಲಸದ ರೀತಿ, ಮಾತಿನ ಧಾಟಿ ಮತ್ತು ಸಂಕೇತಪದಗಳನ್ನು ಅಭ್ಯಾಸ ಮಾಡಿದರು. ಪೊಲೀಸ್ ತರಬೇತಿ ಶಾಲೆಯ ತರಗತಿಗಳಿಗೂ ಹಾಜರಾದರು.

ಇಲಾಖೆಯು ಪ್ರಕರಣಗಳ ಮಾಹಿತಿಯನ್ನು ಒದಗಿಸಲು ಒಪ್ಪಿತು. ಪ್ರತಿಯಾಗಿ, ಪ್ರತಿ ಸಂಚಿಕೆಯ ಪಠ್ಯವನ್ನು ಪ್ರಸಾರಕ್ಕೆ ಮೊದಲು ಇಲಾಖೆಯು ಪರಿಶೀಲಿಸುವ ವ್ಯವಸ್ಥೆ ಏರ್ಪಟ್ಟಿತು. ಡ್ರ್ಯಾಗ್‌ನೆಟ್‌ನ ಮೊದಲ ಸಂಚಿಕೆ ಜೂನ್ 3, 1949ರಂದು ಪ್ರಸಾರವಾಯಿತು. ವೆಬ್ ಅವರು ಜೋ ಫ್ರೈಡೇ ಪಾತ್ರದಲ್ಲಿಯೂ, ಬಾರ್ಟನ್ ಯಾರ್ಬರೊ ಅವರು ಸಹೋದ್ಯೋಗಿ ಬೆನ್ ರೊಮೆರೊ ಪಾತ್ರದಲ್ಲಿಯೂ ನಟಿಸಿದರು. ಆರಂಭದ ವರ್ಷಗಳ ಹಲವು ಸಂಚಿಕೆಗಳನ್ನು ಜೇಮ್ಸ್ ಮೋಸರ್ ಬರೆದರು. ವಾಲ್ಟರ್ ಶುಮನ್ ಸಂಯೋಜಿಸಿದ ಆರಂಭ ಸಂಗೀತದ ನಾಲ್ಕು ಸ್ವರಗಳು ಮನೆಮಾತಾದವು. ಅದೇ ವರ್ಷ ಫಾತಿಮಾ ಸಿಗರೇಟಿನ ಪ್ರಾಯೋಜಕತ್ವವೂ ದೊರೆಯಿತು.

ನಿರೂಪಣಾ ವಿಧಾನ

ಪ್ರತಿ ಸಂಚಿಕೆಯು ಕಥೆ ನಿಜವಾದುದೆಂದೂ, ನಿರಪರಾಧಿಗಳ ರಕ್ಷಣೆಗಾಗಿ ಹೆಸರುಗಳನ್ನು ಮಾತ್ರ ಬದಲಿಸಲಾಗಿದೆಯೆಂದೂ ತಿಳಿಸುವ ಘೋಷಣೆಯಿಂದ ಆರಂಭವಾಗುತ್ತಿತ್ತು. ನಂತರ ಫ್ರೈಡೇ ದಿನಾಂಕ, ಹವಾಮಾನ, ತಾನು ಕೆಲಸ ಮಾಡುತ್ತಿರುವ ವಿಭಾಗ, ಮೇಲಧಿಕಾರಿಯ ಹೆಸರು ಇವನ್ನೆಲ್ಲ ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತಿದ್ದ. ಕೊನೆಯಲ್ಲಿ ನ್ಯಾಯಾಲಯದ ವಿಚಾರಣೆಯ ದಿನಾಂಕವನ್ನೂ ಅಪರಾಧಿಗೆ ವಿಧಿಸಿದ ಶಿಕ್ಷೆಯನ್ನೂ ಉದ್ಘೋಷಕರು ಪ್ರಕಟಿಸುತ್ತಿದ್ದರು.

ನಡುವಿನ ಅರ್ಧ ಗಂಟೆಯಲ್ಲಿ ಹೊಡೆದಾಟ, ಗುಂಡಿನ ಕಾಳಗಗಳು ವಿರಳ. ಬಾಗಿಲು ತಟ್ಟುವುದು, ಸಾಕ್ಷಿಗಳನ್ನು ವಿಚಾರಿಸುವುದು, ಕಡತ ಹುಡುಕುವುದು, ದೂರವಾಣಿಯ ಬಳಿ ಕಾಯುವುದು ಇವೇ ಕಥೆಯ ಬಹುಭಾಗವನ್ನು ತುಂಬುತ್ತಿದ್ದವು. ಶಬ್ದ ಪರಿಣಾಮಗಳ ವಿಷಯದಲ್ಲಿ ವೆಬ್ ಅವರು ಬಹಳ ಕಟ್ಟುನಿಟ್ಟಾಗಿದ್ದರು. ಕಚೇರಿಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆಗಳ ದೂರವಿದೆಯೋ ಅಷ್ಟೇ ಹೆಜ್ಜೆಗಳ ಸಪ್ಪಳ ಕೇಳಿಸಬೇಕೆಂದು ಬಯಸುತ್ತಿದ್ದರು. ನಟರು ಭಾವಾವೇಶವಿಲ್ಲದೆ, ದಿನನಿತ್ಯದ ಮಾತಿನಂತೆ ಸಂಭಾಷಣೆ ಹೇಳಬೇಕಾಗಿತ್ತು. ಈ ಮಿತವಾದ ಧಾಟಿಯೇ ಕಥೆಯ ಭೀಕರತೆಯನ್ನು ಹೆಚ್ಚಿಸುತ್ತಿತ್ತು. ಮಕ್ಕಳ ಹತ್ಯೆ, ಮಾದಕ ವ್ಯಸನ, ಲೈಂಗಿಕ ಅಪರಾಧಗಳಂತಹ, ಅಂದಿನ ಬಾನುಲಿಯು ಮುಟ್ಟಲು ಹಿಂಜರಿಯುತ್ತಿದ್ದ ವಿಷಯಗಳೂ ಈ ನಾಟಕಮಾಲೆಯಲ್ಲಿ ಬಂದವು.

1949ರ ಕ್ರಿಸ್‌ಮಸ್ ಸಂಚಿಕೆ

ಡಿಸೆಂಬರ್ 22, 1949ರಂದು, ಹಬ್ಬಕ್ಕೆ ಮೂರು ದಿನಗಳಿರುವಾಗ, ಕ್ರಿಸ್‌ಮಸ್ ಉಡುಗೊರೆಯಾಗಿ ಬಂದ .22 ಕ್ಯಾಲಿಬರ್ ಬಂದೂಕಿನ ಕುರಿತ ಸಂಚಿಕೆ ಪ್ರಸಾರವಾಯಿತು. ಇಬ್ಬರು ಬಾಲಕರು ಕಾಣೆಯಾಗಿದ್ದಾರೆಂಬ ದೂರಿನಿಂದ ಕಥೆ ಆರಂಭವಾಗುತ್ತದೆ. ಫ್ರೈಡೇ ಮತ್ತು ರೊಮೆರೊ ಹುಡುಕಾಟ ನಡೆಸಿದಂತೆ, ಹಬ್ಬದ ದಿನಕ್ಕಾಗಿ ಕಟ್ಟಿಟ್ಟಿದ್ದ ಉಡುಗೊರೆಯ ಪೆಟ್ಟಿಗೆಯನ್ನು ಒಬ್ಬ ಬಾಲಕ ಮುಂಚಿತವಾಗಿಯೇ ತೆರೆದಿರುವುದು ತಿಳಿದುಬರುತ್ತದೆ. ಪೆಟ್ಟಿಗೆಯಲ್ಲಿದ್ದುದು ಬಂದೂಕು. ಇಬ್ಬರೂ ಅದರೊಡನೆ ಆಡುತ್ತಿದ್ದಾಗ ಬಂದೂಕು ಹಿಡಿದು ಓಡುತ್ತಿದ್ದ ಹುಡುಗ ಎಡವಿ ಬಿದ್ದು, ಗುಂಡು ಹಾರಿ ಸತ್ತಿರುತ್ತಾನೆ. ಬದುಕುಳಿದ ಗೆಳೆಯನು ಭಯದಿಂದ ವಿಷಯವನ್ನು ಮುಚ್ಚಿಟ್ಟಿರುತ್ತಾನೆ.

ಮೃತ ಬಾಲಕನ ತಂದೆಗೆ ಸುದ್ದಿ ಮುಟ್ಟಿಸುವ ಕೆಲಸ ಪೊಲೀಸರ ಪಾಲಿಗೆ ಬರುತ್ತದೆ. ಸಿಟ್ಟಿನಿಂದ ಇನ್ನೊಬ್ಬ ಬಾಲಕನ ಮನೆಗೆ ಹೋಗುವ ಆ ತಂದೆ, ಆ ಮಗುವಿನ ಸಂಕಟವನ್ನು ಕಂಡು ಕರಗಿ, ತನ್ನ ಮಗನಿಗಾಗಿ ಇಟ್ಟಿದ್ದ ಉಡುಗೊರೆಗಳನ್ನು ಅವನಿಗೇ ಕೊಟ್ಟುಬಿಡುತ್ತಾನೆ. ಮಕ್ಕಳಿಗೆ ಬಂದೂಕನ್ನು ಉಡುಗೊರೆಯಾಗಿ ಕೊಡುವುದರ ಬಗೆಗೆ ಫ್ರೈಡೇ ಹೇಳುವ ಬೇಸರದ ಒಂದು ಮಾತಿನೊಡನೆ ಕಥೆ ಮುಗಿಯುತ್ತದೆ.

ಪತ್ತೇದಾರಿ ನಾಟಕದ ಕೇಳುಗರಿಗೆ ಪರಿಚಿತವಾಗಿದ್ದ ಸಮಾಧಾನ ಈ ಸಂಚಿಕೆಯಲ್ಲಿ ಇರಲಿಲ್ಲ. ಒಗಟು ಬಿಡಿಸಲ್ಪಟ್ಟರೂ ಶಿಕ್ಷಿಸಲು ಅಪರಾಧಿಯೇ ಇರಲಿಲ್ಲ. ತಪ್ಪು ಯಾರದೆಂದು ಕೇಳಿದರೆ ಉತ್ತರವು ಪ್ರೀತಿಯಿಂದ ಉಡುಗೊರೆ ತಂದಿಟ್ಟ ಹೆತ್ತವರತ್ತ ಬೆರಳು ತೋರಿಸುತ್ತಿತ್ತು. ಅಂದಿನ ಅಮೆರಿಕದಲ್ಲಿ ಹುಡುಗರಿಗೆ ಸಣ್ಣ ಬಂದೂಕನ್ನು ಹಬ್ಬದ ಉಡುಗೊರೆಯಾಗಿ ಕೊಡುವುದು ಸಾಮಾನ್ಯ ರೂಢಿ. ನಾಟಕವನ್ನು ಕೇಳುತ್ತಿದ್ದ ಅನೇಕ ಮನೆಗಳಲ್ಲಿಯೂ ಅಂತಹುದೇ ಪೆಟ್ಟಿಗೆ ಕಟ್ಟಿಟ್ಟಿದ್ದಿರಬಹುದು.

ಕೇಳುಗರ ಪ್ರತಿಕ್ರಿಯೆ

ಸಂಚಿಕೆಯ ವಿರುದ್ಧ ಎನ್‌ಬಿಸಿಗೆ ಸಾವಿರಾರು ಆಕ್ಷೇಪಣಾ ಪತ್ರಗಳು ಬಂದವು. ನ್ಯಾಷನಲ್ ರೈಫಲ್ ಅಸೋಸಿಯೇಷನ್ ಔಪಚಾರಿಕವಾಗಿ ಪ್ರತಿಭಟನೆ ಸಲ್ಲಿಸಿತು. ಬಂದಿದ್ದ ಪತ್ರಗಳಲ್ಲಿ ಹಲವನ್ನು ವೆಬ್ ಅವರು ಪೊಲೀಸ್ ಇಲಾಖೆಗೆ ಕಳುಹಿಸಿದರು. 1950ರಲ್ಲಿ ಇಲಾಖೆಯ ಮುಖ್ಯಸ್ಥರಾದ ವಿಲಿಯಂ ಪಾರ್ಕರ್ ಅವರು ಈ ಆಕ್ಷೇಪಗಳಿಗೆ ಮಣಿಯದೆ, ಮಕ್ಕಳ ಕೈಗೆ ಬಂದೂಕು ಕೊಡುವ ಅವಿವೇಕವನ್ನು ತೋರಿಸುವ ಇನ್ನೂ ಹತ್ತು ಸಂಚಿಕೆಗಳನ್ನು ಮಾಡಿಸುವುದಾಗಿ ಉತ್ತರಿಸಿದರೆಂದು ಹೇಳಲಾಗುತ್ತದೆ.

ವೆಬ್ ಅವರು ಕಥೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷಗಳ ಕ್ರಿಸ್‌ಮಸ್ ಕಾಲದಲ್ಲಿ ಅದನ್ನು ಬಾನುಲಿಯಲ್ಲಿ ಮತ್ತೆ ಪ್ರಸಾರ ಮಾಡಲಾಯಿತು. ಡಿಸೆಂಬರ್ 18, 1952ರಂದು ಅದೇ ಕಥೆ ಕಿರುತೆರೆಯಲ್ಲಿಯೂ ಬಂದಿತು.

ಈ ವಿವಾದದಲ್ಲಿ ಎರಡು ಬಗೆಯ ಪ್ರಶ್ನೆಗಳು ಬೆರೆತಿದ್ದವು. ಮೊದಲನೆಯದು ಬಂದೂಕಿನ ಕುರಿತಾದುದು: ಜವಾಬ್ದಾರಿಯಿಂದ ಬಳಸುವವರನ್ನೂ ಈ ಕಥೆ ದೂಷಿಸುತ್ತದೆಯೇ ಎಂಬುದು. ಎರಡನೆಯದು ಬಾನುಲಿಯ ಧರ್ಮದ ಕುರಿತಾದುದು: ಮನೆಮಂದಿಯೆಲ್ಲ ಕೂಡಿ ಕೇಳುವ ಹಬ್ಬದ ಹೊತ್ತಿನಲ್ಲಿ ಮಗುವಿನ ಸಾವನ್ನು ಕೇಳಿಸುವುದು ಉಚಿತವೇ ಎಂಬುದು. ಕಥೆ ನೈಜವೆಂಬ ಆರಂಭದ ಘೋಷಣೆಯು ಎರಡೂ ಪ್ರಶ್ನೆಗಳನ್ನು ತೀಕ್ಷ್ಣಗೊಳಿಸಿತು. ಕಲ್ಪಿತ ಕಥೆಯನ್ನು ಕಲ್ಪನೆಯೆಂದು ತಳ್ಳಿಹಾಕಬಹುದು. ತಮ್ಮದೇ ದೇಶದ ಯಾವುದೋ ಮನೆಯಲ್ಲಿ ನಡೆದಿದೆಯೆಂದು ಹೇಳಲಾದ ಸಂಗತಿಯನ್ನು ಹಾಗೆ ತಳ್ಳಿಹಾಕಲು ಕೇಳುಗರಿಗೆ ಅವಕಾಶವಿರಲಿಲ್ಲ.

ಬೆನ್ ರೊಮೆರೊ ಪಾತ್ರದ ಸಾವು

ರೊಮೆರೊ ಪಾತ್ರಧಾರಿ ಬಾರ್ಟನ್ ಯಾರ್ಬರೊ ಅವರು 1951ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ಹಠಾತ್ತಾಗಿ ನಿಧನರಾದರು. ಪಾತ್ರಕ್ಕೆ ಬೇರೆ ನಟರನ್ನು ತಂದು ಏನೂ ಆಗದಂತೆ ಮುಂದುವರಿಸುವುದು ಬಾನುಲಿಯಲ್ಲಿ ಸುಲಭವಿತ್ತು. ವೆಬ್ ಅವರು ಹಾಗೆ ಮಾಡದೆ, ಡಿಸೆಂಬರ್ 27ರ ಸಂಚಿಕೆಯಲ್ಲಿ ರೊಮೆರೊ ಸಹ ಹೃದಯಾಘಾತದಿಂದ ಸತ್ತನೆಂದು ಕಥೆ ಹೆಣೆದರು. ಕೇಳುಗರು ನಟನ ಸಾವಿಗೂ ಪಾತ್ರದ ಸಾವಿಗೂ ಏಕಕಾಲಕ್ಕೆ ಶೋಕಿಸುವಂತಾಯಿತು. ಮುಂದೆ ಬೆನ್ ಅಲೆಕ್ಸಾಂಡರ್ ಅವರು ಫ್ರಾಂಕ್ ಸ್ಮಿತ್ ಎಂಬ ಹೊಸ ಪಾತ್ರದಲ್ಲಿ ಫ್ರೈಡೇಯ ಜೊತೆಗಾರರಾದರು.

ಕಿರುತೆರೆಯಲ್ಲಿ

1951ರ ಡಿಸೆಂಬರ್‌ನಲ್ಲಿ ಪ್ರಾಯೋಗಿಕ ಸಂಚಿಕೆ ಪ್ರಸಾರವಾದ ನಂತರ, 1952ರ ಜನವರಿಯಿಂದ ಡ್ರ್ಯಾಗ್‌ನೆಟ್ ಕಿರುತೆರೆಯಲ್ಲಿ ನಿಯತವಾಗಿ ಬರತೊಡಗಿತು, 1959ರವರೆಗೆ ನಡೆಯಿತು. ಬಾನುಲಿ ಆವೃತ್ತಿಯು 1957ರವರೆಗೆ ಮುಂದುವರಿಯಿತು. ಅದರ ಕೊನೆಯ ಅವಧಿಯಲ್ಲಿ ಹಳೆಯ ಸಂಚಿಕೆಗಳೇ ಮರುಪ್ರಸಾರವಾದವು. ಕಿರುತೆರೆಯಲ್ಲಿಯೂ ನಟರು ಭಾವಾಭಿನಯ ಬೆರೆಸದಂತೆ ನೋಡಿಕೊಳ್ಳಲು ವೆಬ್ ಅವರು ಟೆಲಿಪ್ರಾಂಪ್ಟರ್ ನೋಡಿ ಸಂಭಾಷಣೆ ಓದಿಸುತ್ತಿದ್ದರು. ಧಾರಾವಾಹಿಗೆ ಎಮ್ಮಿ ಪ್ರಶಸ್ತಿಗಳು ಸಂದವು. 1954ರ ಮಾರ್ಚ್‌ನಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ವೆಬ್ ಅವರ ಚಿತ್ರ ಬಂದಿತು. ಅದೇ ವರ್ಷ ಡ್ರ್ಯಾಗ್‌ನೆಟ್ ಚಲನಚಿತ್ರವೂ ತೆರೆಕಂಡಿತು.

ಫ್ರೈಡೇಯ ಮಾತಿನ ಧಾಟಿಯನ್ನು ಅನುಕರಿಸಿ ಹಾಸ್ಯಗಾರ ಸ್ಟ್ಯಾನ್ ಫ್ರೀಬರ್ಗ್ ಅವರು 1953ರಲ್ಲಿ ಹೊರತಂದ ಅಣಕು ಧ್ವನಿಮುದ್ರಿಕೆ ಅಪಾರವಾಗಿ ಮಾರಾಟವಾಯಿತು. ಬರಿಯ ಸಂಗತಿಗಳನ್ನಷ್ಟೇ ಹೇಳುವಂತೆ ಸಾಕ್ಷಿಯಾದ ಮಹಿಳೆಯನ್ನು ಕೇಳುವ, ಫ್ರೈಡೇಯದೆಂದೇ ಜನಜನಿತವಾಗಿರುವ ಮಾತು ಆ ರೂಪದಲ್ಲಿ ಮೂಲ ಧಾರಾವಾಹಿಯದಲ್ಲ. ಅದು ಹರಡಲು ಇಂತಹ ಅಣಕುಗಳೇ ಕಾರಣವೆಂದು ಪರಿಗಣಿಸಲಾಗುತ್ತದೆ.

ಪೊಲೀಸ್ ಇಲಾಖೆಯೊಡನೆ ಸಂಬಂಧ ಮತ್ತು ಟೀಕೆ

ಡ್ರ್ಯಾಗ್‌ನೆಟ್‌ಗೆ ದೊರೆತ ನಂಬಿಕೆಯೇ ಅದರ ವಿರುದ್ಧದ ಮುಖ್ಯ ಟೀಕೆಗೂ ಮೂಲವಾಯಿತು. ಪ್ರಕರಣಗಳು ನೈಜವಾಗಿದ್ದರೂ ಅವುಗಳನ್ನು ಒದಗಿಸುತ್ತಿದ್ದುದು ಇಲಾಖೆ. ಪಠ್ಯವನ್ನು ಒಪ್ಪುತ್ತಿದ್ದುದೂ ಇಲಾಖೆ. ಇದರಿಂದ ಫ್ರೈಡೇಯಂತೆ ನಿಷ್ಪಕ್ಷಪಾತ, ಸೌಜನ್ಯಶೀಲ, ದಣಿವರಿಯದ ಅಧಿಕಾರಿಯ ಚಿತ್ರವೇ ಜನಮನದಲ್ಲಿ ನೆಲೆಸಿತು.

1951ರ ಕ್ರಿಸ್‌ಮಸ್ ದಿನ ಲಾಸ್ ಏಂಜಲೀಸ್ ಪೊಲೀಸರು ಬಂಧನದಲ್ಲಿದ್ದ ಏಳು ಯುವಕರನ್ನು ತೀವ್ರವಾಗಿ ಥಳಿಸಿದ್ದರು. ಅವರಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದ ಅಮೆರಿಕನ್ನರು. ರಕ್ತಸಿಕ್ತ ಕ್ರಿಸ್‌ಮಸ್ ಎಂದು ಹೆಸರಾದ ಈ ಪ್ರಕರಣದಲ್ಲಿ ಎಂಟು ಅಧಿಕಾರಿಗಳ ಮೇಲೆ ಆರೋಪ ಹೊರಿಸಲಾಯಿತು, ಐವರಿಗೆ ಶಿಕ್ಷೆಯಾಯಿತು. ನಗರದ ಅಲ್ಪಸಂಖ್ಯಾತ ಸಮುದಾಯಗಳು ಇಲಾಖೆಯ ಬಗೆಗೆ ಹೊಂದಿದ್ದ ಇಂತಹ ಅನುಭವಕ್ಕೆ ಡ್ರ್ಯಾಗ್‌ನೆಟ್‌ನಲ್ಲಿ ಸ್ಥಾನ ಸಿಕ್ಕಿದ್ದು ಬಹಳ ವಿರಳ. ಮಗುವಿನ ಸಾವಿನ ಬಗೆಗೆ ಹೆತ್ತವರಿಗೆ ಕಠಿಣ ಪ್ರಶ್ನೆ ಕೇಳಿದ ನಾಟಕಮಾಲೆ, ಅದೇ ಬಗೆಯ ಪ್ರಶ್ನೆಯನ್ನು ತನಗೆ ಕಥೆ ಒದಗಿಸುತ್ತಿದ್ದ ಸಂಸ್ಥೆಗೆ ಕೇಳಲಿಲ್ಲ ಎಂಬುದು ಟೀಕೆಯ ಸಾರ. ಮತ್ತೊಂದೆಡೆ, ತನಿಖೆಯ ಶ್ರಮವನ್ನೂ ಅಪರಾಧಕ್ಕೆ ಬಲಿಯಾದವರ ದುಃಖವನ್ನೂ ಗೌರವದಿಂದ ಕಾಣಿಸಿದ ಮೊದಲ ಜನಪ್ರಿಯ ಮಾಲೆಗಳಲ್ಲಿ ಇದೂ ಒಂದು ಎಂಬ ಮೆಚ್ಚುಗೆಯೂ ಇದೆ.

ನಂತರದ ವೃತ್ತಿಜೀವನ

ವೆಬ್ ಅವರು ಸನ್‌ಸೆಟ್ ಬುಲೆವಾರ್ಡ್ ಮತ್ತು ದಿ ಮೆನ್ (ಎರಡೂ 1950) ಚಿತ್ರಗಳಲ್ಲಿ ಪೋಷಕ ಪಾತ್ರ ವಹಿಸಿದ್ದರು. ಜಾಜ್ ಸಂಗೀತಗಾರರ ಬದುಕನ್ನು ಕುರಿತ ಪೀಟ್ ಕೆಲೀಸ್ ಬ್ಲೂಸ್ ಅನ್ನು 1951ರಲ್ಲಿ ಬಾನುಲಿ ಮಾಲೆಯಾಗಿ ತಂದು, 1955ರಲ್ಲಿ ಚಲನಚಿತ್ರವಾಗಿ ನಿರ್ದೇಶಿಸಿದರು. ಅದರ ಅಭಿನಯಕ್ಕಾಗಿ ಗಾಯಕಿ ಪೆಗಿ ಲೀ ಅವರು ಆಸ್ಕರ್‌ಗೆ ನಾಮನಿರ್ದೇಶನಗೊಂಡರು. 1958ರಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಕುರಿತು ದಿ ಬ್ಯಾಡ್ಜ್ ಎಂಬ ಪುಸ್ತಕ ಬರೆದರು. 1963ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಯ ಕಿರುತೆರೆ ವಿಭಾಗದ ಮುಖ್ಯಸ್ಥರಾದರೂ ಅದೇ ವರ್ಷದ ಕೊನೆಯಲ್ಲಿ ಆ ಹುದ್ದೆಯನ್ನು ಕಳೆದುಕೊಂಡರು.

1967ರಲ್ಲಿ ಡ್ರ್ಯಾಗ್‌ನೆಟ್ ವರ್ಣದಲ್ಲಿ ಮರಳಿ ಬಂದು 1970ರವರೆಗೆ ನಡೆಯಿತು. ಹ್ಯಾರಿ ಮಾರ್ಗನ್ ಅವರು ಬಿಲ್ ಗ್ಯಾನನ್ ಪಾತ್ರದಲ್ಲಿ ಜೊತೆಯಾದರು. ಎಲ್‌ಎಸ್‌ಡಿ ಮಾದಕದ್ರವ್ಯವನ್ನು ಕುರಿತ ಅದರ ಮೊದಲ ಸಂಚಿಕೆ ವ್ಯಾಪಕವಾಗಿ ಚರ್ಚೆಗೊಳಗಾಯಿತು. ಈ ಹೊಸ ಆವೃತ್ತಿಯಲ್ಲಿ ಫ್ರೈಡೇಯ ಉಪದೇಶದ ಧಾಟಿ ಹೆಚ್ಚಾಯಿತೆಂಬ ಅಭಿಪ್ರಾಯವಿದೆ. ಬಾನುಲಿಯ ದಿನಗಳಲ್ಲಿ ಕೊನೆಯ ಒಂದು ಮಾತಿನಲ್ಲಿ ಮುಗಿಯುತ್ತಿದ್ದ ನೀತಿ ಈಗ ದೀರ್ಘ ಭಾಷಣವಾಗಿ ಬೆಳೆದಿತ್ತು.

ತಮ್ಮ ಮಾರ್ಕ್ 7 ಲಿಮಿಟೆಡ್ ಸಂಸ್ಥೆಯ ಮೂಲಕ ವೆಬ್ ಅವರು ಗಸ್ತು ಪೊಲೀಸರ ಕಥೆಯಾದ ಆಡಮ್-12 (1968–1975) ಮತ್ತು ಅಗ್ನಿಶಾಮಕ ದಳದ ತುರ್ತು ಚಿಕಿತ್ಸಕರ ಕಥೆಯಾದ ಎಮರ್ಜೆನ್ಸಿ (1972–1977) ಧಾರಾವಾಹಿಗಳನ್ನು ನಿರ್ಮಿಸಿದರು. ಆಗಿನ್ನೂ ಹೊಸತಾಗಿದ್ದ ತುರ್ತು ವೈದ್ಯಕೀಯ ಸೇವೆಯನ್ನು ಅಮೆರಿಕದ ಜನರಿಗೆ ಪರಿಚಯಿಸಿದ ಕೀರ್ತಿ ಎಮರ್ಜೆನ್ಸಿಗೆ ಸಲ್ಲುತ್ತದೆ.

ವೈಯಕ್ತಿಕ ಜೀವನ

ವೆಬ್ ಅವರು 1947ರಲ್ಲಿ ನಟಿ ಹಾಗೂ ಗಾಯಕಿ ಜೂಲಿ ಲಂಡನ್ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಹೆಣ್ಣುಮಕ್ಕಳು. ಈ ದಾಂಪತ್ಯವು 1950ರ ದಶಕದ ಮೊದಲ ಭಾಗದಲ್ಲಿ ವಿಚ್ಛೇದನದಲ್ಲಿ ಕೊನೆಗೊಂಡಿತು. ವಿಚ್ಛೇದನದ ನಂತರವೂ ವೆಬ್ ಅವರು ಎಮರ್ಜೆನ್ಸಿ ಧಾರಾವಾಹಿಯಲ್ಲಿ ಜೂಲಿ ಲಂಡನ್ ಅವರಿಗೂ ಅವರ ಎರಡನೆಯ ಪತಿ ಬಾಬಿ ಟ್ರೂಪ್ ಅವರಿಗೂ ಪ್ರಮುಖ ಪಾತ್ರಗಳನ್ನು ನೀಡಿದರು. ವೆಬ್ ಅವರು ನಂತರ ಮೂರು ಬಾರಿ ವಿವಾಹವಾದರು.

ನಿಧನ

ಡಿಸೆಂಬರ್ 23, 1982ರಂದು ವೆಬ್ ಅವರು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 62 ವರ್ಷ. ಅವರು ಎಂದೂ ಪೊಲೀಸ್ ಅಧಿಕಾರಿಯಾಗಿರದಿದ್ದರೂ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯು ಗೌರವಗಳೊಂದಿಗೆ ಬೀಳ್ಕೊಟ್ಟಿತು. ಫ್ರೈಡೇ ಧರಿಸುತ್ತಿದ್ದ 714 ಸಂಖ್ಯೆಯ ಬಿಲ್ಲೆಯನ್ನು ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲವೆಂದು ಇಲಾಖೆಯ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ಪ್ರಕಟಿಸಿದರು.

ಪ್ರಭಾವ

ಪೊಲೀಸ್ ತನಿಖೆಯ ದಿನಚರಿಯನ್ನೇ ಕಥೆಯಾಗಿಸುವ ಪ್ರಕಾರವು ಬಾನುಲಿ ಮತ್ತು ಕಿರುತೆರೆಗಳಲ್ಲಿ ಬೇರೂರಲು ಡ್ರ್ಯಾಗ್‌ನೆಟ್ ಕಾರಣವಾಯಿತು. ಕಾದಂಬರಿಕಾರ ಜೇಮ್ಸ್ ಎಲ್‌ರಾಯ್ ಅವರಿಗೆ ಬಾಲ್ಯದಲ್ಲಿ ತಂದೆಯಿಂದ ಉಡುಗೊರೆಯಾಗಿ ದೊರೆತ ದಿ ಬ್ಯಾಡ್ಜ್ ಪುಸ್ತಕವು ಅಪರಾಧ ಸಾಹಿತ್ಯದತ್ತ ಅವರನ್ನು ಸೆಳೆಯಿತು. ಅವರ ಎಲ್.ಎ. ಕಾನ್ಫಿಡೆನ್ಶಿಯಲ್ (1990) ಕಾದಂಬರಿಯಲ್ಲಿ ರಕ್ತಸಿಕ್ತ ಕ್ರಿಸ್‌ಮಸ್ ಪ್ರಕರಣವೂ, ಡ್ರ್ಯಾಗ್‌ನೆಟ್ ಅನ್ನು ಹೋಲುವ ಪೊಲೀಸ್ ಧಾರಾವಾಹಿಯೂ ಜೊತೆಜೊತೆಯಾಗಿ ಬರುತ್ತವೆ. ಡ್ಯಾನ್ ಐಕ್ರಾಯ್ಡ್ ಮತ್ತು ಟಾಮ್ ಹ್ಯಾಂಕ್ಸ್ ನಟಿಸಿದ ಹಾಸ್ಯಮಯ ಡ್ರ್ಯಾಗ್‌ನೆಟ್ ಚಿತ್ರ 1987ರಲ್ಲಿ ತೆರೆಕಂಡಿತು.

ಬಾನುಲಿ ಮಾಲೆಯ ಹಲವು ಸಂಚಿಕೆಗಳ ಧ್ವನಿಮುದ್ರಣಗಳು ಉಳಿದುಬಂದಿದ್ದು, 1949ರ ಕ್ರಿಸ್‌ಮಸ್ ಸಂಚಿಕೆಯೂ ಅವುಗಳಲ್ಲಿ ಸೇರಿದೆ. ಹಳೆಯ ಬಾನುಲಿ ನಾಟಕಗಳ ಆಸಕ್ತರು ಅದನ್ನು ಈಗಲೂ ಆಲಿಸುತ್ತಾರೆ.

ಪ್ರಮುಖ ಕೃತಿಗಳು

ಬಾನುಲಿ
- ಒನ್ ಔಟ್ ಆಫ್ ಸೆವೆನ್ (1946)
- ಪ್ಯಾಟ್ ನೊವ್ಯಾಕ್ ಫಾರ್ ಹೈರ್ (1946, ಮತ್ತೆ 1949)
- ಜಾನಿ ಮಡೇರೊ, ಪಿಯರ್ 23 (1947)
- ಜೆಫ್ ರೀಗನ್, ಇನ್ವೆಸ್ಟಿಗೇಟರ್ (1948)
- ಡ್ರ್ಯಾಗ್‌ನೆಟ್ (1949–1957)
- ಪೀಟ್ ಕೆಲೀಸ್ ಬ್ಲೂಸ್ (1951)

ಚಲನಚಿತ್ರ
- ಹೀ ವಾಕ್ಡ್ ಬೈ ನೈಟ್ (1948)
- ಸನ್‌ಸೆಟ್ ಬುಲೆವಾರ್ಡ್ (1950)
- ದಿ ಮೆನ್ (1950)
- ಡ್ರ್ಯಾಗ್‌ನೆಟ್ (1954)
- ಪೀಟ್ ಕೆಲೀಸ್ ಬ್ಲೂಸ್ (1955)
- ದಿ ಡಿ.ಐ. (1957)

ಕಿರುತೆರೆ
- ಡ್ರ್ಯಾಗ್‌ನೆಟ್ (1951–1959, 1967–1970)
- ಆಡಮ್-12 (1968–1975), ನಿರ್ಮಾಪಕರಾಗಿ
- ಎಮರ್ಜೆನ್ಸಿ (1972–1977), ನಿರ್ಮಾಪಕರಾಗಿ

ಪುಸ್ತಕ
- ದಿ ಬ್ಯಾಡ್ಜ್ (1958)